ಬಲೆರೆಕ್ಕೆ ತಿಗಣೆಗಳ ಕುಲ ಗುರುತಿಸುವಿಕೆ: ರೋಣ, ನರಗುಂದ, ಗಜೇಂದ್ರಗಡ ಸೀಮೆ

ಬಲೆರೆಕ್ಕೆ ತಿಗಣೆ ಎಂದರೆ ಹೆಮಿಪ್ಟೆರ ಗಣದ ಟಿಂಗಿಡೆ ಕುಟುಂಬಕ್ಕೆ ಸೇರಿದ, ಎದೆಯ ಮೇಲ್ಭಾಗವೂ ಮುಂದಿನ ರೆಕ್ಕೆಗಳೂ ಸಣ್ಣ ಕಣ್ಣುಗಳ ಬಲೆಯಂತೆ ಹೆಣೆದುಕೊಂಡಿರುವ, ಎಲೆಯ ಒಳಕೋಶಗಳ ರಸ ಹೀರಿ ಬದುಕುವ ಪುಟ್ಟ ಕೀಟ. ಹೆಚ್ಚಿನ ಪ್ರಭೇದಗಳು 2ರಿಂದ 5 ಮಿ.ಮೀ. ಉದ್ದ ಇರುತ್ತವೆ. ಕೃಷಿ ಕೈಪಿಡಿಗಳಲ್ಲಿ ಲೇಸ್ ತಿಗಣೆ, ಜಾಲರಿ ತಿಗಣೆ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಈ ಲೇಖನದಲ್ಲಿ ಬಲೆರೆಕ್ಕೆ ತಿಗಣೆ ಎಂಬ ಒಂದೇ ಹೆಸರನ್ನು ಬಳಸಿದೆ. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಹಿತ್ತಲು, ಬದು, ತೋಟ, ಗುಡ್ಡಗಳಲ್ಲಿ ಬೆಳೆಯುವ ಗಿಡಗಳನ್ನು ಆಶ್ರಯಿಸುವ ಕುಲಗಳು ಯಾವುವು, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತುಗಳು ಯಾವುವು ಎಂಬುದು ಇಲ್ಲಿನ ವಿಷಯ. ಬದನೆಯ ಮೇಲೆ ಬರುವ ಯುರೆಂಟಿಯಸ್ ಕುಲಕ್ಕೆ ಹೆಚ್ಚಿನ ಜಾಗ ಕೊಟ್ಟಿದೆ.

ವರ್ಗೀಕರಣ ಮತ್ತು ಅಧ್ಯಯನದ ಇತಿಹಾಸ

ಟಿಂಗಿಡೆ ಕುಟುಂಬವನ್ನು 1832ರಲ್ಲಿ ಫ್ರೆಂಚ್ ಕೀಟಶಾಸ್ತ್ರಜ್ಞ ಲಾಪೋರ್ಟ್ ಸ್ಥಾಪಿಸಿದ. ಜಗತ್ತಿನಾದ್ಯಂತ ಸುಮಾರು 300 ಕುಲಗಳು, 2,500ಕ್ಕೂ ಹೆಚ್ಚು ಪ್ರಭೇದಗಳು ಗೊತ್ತಾಗಿವೆ. ಸಾಂಪ್ರದಾಯಿಕ ವರ್ಗೀಕರಣದಲ್ಲಿ ಮೂರು ಉಪಕುಟುಂಬಗಳಿವೆ. ಟಿಂಗಿನೆ ಎಲ್ಲಕ್ಕಿಂತ ದೊಡ್ಡದು. ಬೆಳೆ ಮತ್ತು ಕಳೆಗಳ ಮೇಲೆ ಸಿಗುವ ಕುಲಗಳೆಲ್ಲ ಬಹುಮಟ್ಟಿಗೆ ಇದರವೇ. ಕ್ಯಾಂಟಾಕೆಡರಿನೆ ಎಂಬುದು ಹಳೆಯ ಲಕ್ಷಣಗಳನ್ನು ಉಳಿಸಿಕೊಂಡ ಚಿಕ್ಕ ಗುಂಪು; ಇದನ್ನು ಪ್ರತ್ಯೇಕ ಕುಟುಂಬವೆಂದು ಎಣಿಸುವವರೂ ಇದ್ದಾರೆ. ಮೂರನೆಯದಾದ ವಿಯಾನೈಡಿನೆ ಅಮೆರಿಕ ಖಂಡದ್ದು. ಇರುವೆಗಳ ಜೊತೆ ನೆಲದಲ್ಲಿ ಬಾಳುವ ಈ ಗುಂಪಿಗೆ ಬಲೆಯ ಹೆಣಿಗೆ ಇಲ್ಲ.

ಭಾರತದ ಬಲೆರೆಕ್ಕೆ ತಿಗಣೆಗಳನ್ನು ಮೊದಲು ಒಂದೆಡೆ ವಿವರಿಸಿದ್ದು ಡಬ್ಲ್ಯು. ಎಲ್. ಡಿಸ್ಟೆಂಟ್. ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯ ರಿಂಕೋಟ ಸಂಪುಟಗಳಲ್ಲಿ ಎರಡನೆಯದರಲ್ಲಿ ಈ ಕುಟುಂಬ ಬರುತ್ತದೆ. 1910ರಲ್ಲಿ ಬಂದ ಐದನೆಯ ಸಂಪುಟದಲ್ಲಿ ಅದಕ್ಕೆ ಪುರವಣಿ ಸೇರಿತು. ಯುರೆಂಟಿಯಸ್ ಕುಲವನ್ನು 1903ರಲ್ಲಿ ಸ್ಥಾಪಿಸಿದವರೂ ಅವರೇ. ಆಮೇಲಿನ ಅರ್ಧ ಶತಮಾನ ಅಮೆರಿಕದ ಕಾರ್ಲ್ ಜೆ. ಡ್ರೇಕ್ ಅವರದು. ಫ್ಲಾರೆನ್ಸ್ ರೂಹಾಫ್ ಜೊತೆ ಅವರು 1960ರಲ್ಲಿ ಜಗತ್ತಿನ ಕುಲಗಳ ಪರಿಷ್ಕರಣೆಯನ್ನೂ 1965ರಲ್ಲಿ ಜಗತ್ತಿನ ಪ್ರಭೇದಗಳ ಪಟ್ಟಿಯನ್ನೂ ಪ್ರಕಟಿಸಿದರು. ಕುಲದ ಹೆಸರಿನಲ್ಲಿ ಗೊಂದಲ ಬಂದಾಗ ಕೀಟಶಾಸ್ತ್ರಜ್ಞರು ಇಂದಿಗೂ ಮೊದಲು ತೆರೆಯುವುದು ಈ ಎರಡನ್ನೇ. ದಕ್ಷಿಣ ಭಾರತದ ಮಾದರಿಗಳು ಡ್ರೇಕ್ ಅವರ ಕೈ ಸೇರಲು ಕೊಯಮತ್ತೂರಿನ ಸರ್ಕಾರಿ ಕೀಟಶಾಸ್ತ್ರಜ್ಞ ಟಿ. ವಿ. ರಾಮಕೃಷ್ಣ ಅಯ್ಯರ್ ಅವರಂಥವರು ನೆರವಾದರು. ಮಲ್ಲಿಗೆಯ ಬಲೆರೆಕ್ಕೆ ತಿಗಣೆಗೆ 1933ರಲ್ಲಿ ‘ಅಯ್ಯರಿ’ ಎಂಬ ಪ್ರಭೇದನಾಮ ಬಂದದ್ದು ಅವರ ಗೌರವಾರ್ಥ. ನಂತರದ ತಲೆಮಾರಿನಲ್ಲಿ ಕೊಯಮತ್ತೂರಿನ ಡಿ. ಲಿವಿಂಗ್‌ಸ್ಟನ್ ದಕ್ಷಿಣ ಭಾರತದ ಪ್ರಭೇದಗಳ ಜೀವನಕ್ರಮ ಮತ್ತು ಮರಿಗಳ ರಚನೆಯನ್ನು ವಿವರವಾಗಿ ಅಭ್ಯಸಿಸಿದರು.

ದೇಹರಚನೆ

ಕುಲ ಗುರುತಿಸುವ ಕೆಲಸ ನಿಂತಿರುವುದು ಬೆನ್ನಿನ ಮೇಲಿನ ಕೆಲವೇ ಭಾಗಗಳ ಮೇಲೆ. ಆದ್ದರಿಂದ ಅವುಗಳ ಹೆಸರುಗಳನ್ನು ಮೊದಲೇ ನಿಗದಿ ಮಾಡಿಕೊಳ್ಳುವುದು ಅಗತ್ಯ.

ತಲೆಯ ಹಿಂದೆ ಬೆನ್ನನ್ನು ಮುಚ್ಚುವ ಗಟ್ಟಿ ಹಲಗೆಗೆ ಎದೆಫಲಕ ಎನ್ನಲಾಗಿದೆ. ಟಿಂಗಿನೆ ಉಪಕುಟುಂಬದಲ್ಲಿ ಇದು ಹಿಂದಕ್ಕೆ ತ್ರಿಕೋನವಾಗಿ ಚಾಚಿ, ಇತರ ತಿಗಣೆಗಳಲ್ಲಿ ಹೊರಗೆ ಕಾಣುವ ಕಿರುಫಲಕವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಎದೆಫಲಕದ ಮುಂತುದಿ ಅನೇಕ ಕುಲಗಳಲ್ಲಿ ಉಬ್ಬಿ ತಲೆಯ ಮೇಲೆ ಬಾಗಿರುತ್ತದೆ. ಈ ಉಬ್ಬು ಕುಲಾವಿ. ಎದೆಫಲಕದ ಎಡಬಲಕ್ಕೆ ಹರಡಿದ ತೆಳು ಹಾಳೆಗಳು ಪಾರ್ಶ್ವಫಲಕಗಳು. ಇವು ಅಗಲವಾಗಿ ಚಾಚಿರಬಹುದು, ಮೇಲಕ್ಕೆ ಮಡಚಿರಬಹುದು, ಊದಿಕೊಂಡಿರಬಹುದು, ಬರಿಯ ಗೆರೆಯಷ್ಟೇ ಉಳಿದಿರಲೂಬಹುದು. ಎದೆಫಲಕದ ಮೇಲೆ ಉದ್ದುದ್ದಕ್ಕೆ ಎದ್ದು ನಿಂತ ಗೆರೆಗಳು ಏಣುಗಳು; ನಡುವೆ ಒಂದು, ಅಕ್ಕಪಕ್ಕ ಒಂದೊಂದು, ಹೀಗೆ ಹೆಚ್ಚೆಂದರೆ ಮೂರು ಇರುವುದು ವಾಡಿಕೆ.

ಮುಂದಿನ ರೆಕ್ಕೆಯನ್ನು ಹೊರಗಿನಿಂದ ಒಳಕ್ಕೆ ನಾಲ್ಕು ವಲಯಗಳಾಗಿ ಓದಲಾಗುತ್ತದೆ: ಅಂಚುವಲಯ, ಉಪಾಂಚುವಲಯ, ನಡುವಲಯ, ಕೂಡುವಲಯ. ಕೂಡುವಲಯ ಎಂದರೆ ಕೀಟ ಕುಳಿತಾಗ ಒಂದು ರೆಕ್ಕೆ ಇನ್ನೊಂದರ ಮೇಲೆ ಬೀಳುವ ಭಾಗ. ಅಂಚುವಲಯದಲ್ಲಿ ಕೋಶಗಳ ಸಾಲು ಒಂದೇ, ಎರಡೇ, ಹೆಚ್ಚೇ ಎಂಬುದು ಎಣಿಸಬೇಕಾದ ಲಕ್ಷಣ. ಆದರೆ ಒಂದೇ ಪ್ರಭೇದದಲ್ಲಿ ಕೂಡ ಈ ಎಣಿಕೆ ಸ್ವಲ್ಪ ಆಚೀಚೆ ಆಗುವುದರಿಂದ ಅದನ್ನೊಂದನ್ನೇ ನಂಬಿ ಹೆಸರಿಡುವುದು ಸರಿಯಲ್ಲ.

ತಲೆ ಚಿಕ್ಕದು. ಕುಡಿಮೀಸೆಗೆ ನಾಲ್ಕು ಗೆಣ್ಣುಗಳಿದ್ದು ಮೂರನೆಯದು ಎಲ್ಲಕ್ಕಿಂತ ಉದ್ದ. ಸಂಯುಕ್ತ ಕಣ್ಣುಗಳ ನಡುವೆ ಒಂಟಿಗಣ್ಣುಗಳಿಲ್ಲ. ಹಲವು ಕುಲಗಳಲ್ಲಿ ತಲೆಯ ಮೇಲೆ ಮುಳ್ಳುಗಳಿರುತ್ತವೆ. ನಾಲ್ಕು ಗೆಣ್ಣಿನ ಚುಚ್ಚುಸೊಂಡಿಲು ಎದೆಯ ಕೆಳಗೆ, ಎರಡು ಬದಿಗೂ ದಂಡೆ ಕಟ್ಟಿದಂತಿರುವ ಕಾಲುವೆಯೊಳಗೆ ಮಲಗಿರುತ್ತದೆ. ಪಾದಗಳಿಗೆ ಎರಡೇ ಖಂಡಗಳು.

ಬಲೆಯ ಹೆಣಿಗೆ, ಎರಡು ಖಂಡದ ಪಾದ, ಒಂಟಿಗಣ್ಣಿಲ್ಲದಿರುವುದು, ಮುಚ್ಚಿಹೋದ ಕಿರುಫಲಕ ಈ ನಾಲ್ಕೂ ಕೂಡಿದರೆ ಕೀಟ ಟಿಂಗಿನೆ ಗುಂಪಿನದೆಂದು ನಿಶ್ಚಯಿಸಬಹುದು. ಪೀಸ್ಮಟಿಡೆ ಎಂಬ ಇನ್ನೊಂದು ಕುಟುಂಬದ ತಿಗಣೆಗಳಲ್ಲೂ ಬಲೆಯಂಥ ರೆಕ್ಕೆ ಉಂಟು. ಅವುಗಳ ಕಿರುಫಲಕ ಬಯಲಿಗೆ ಕಾಣುತ್ತದೆ. ಪೂರ್ಣ ರೆಕ್ಕೆಯ ರೂಪಗಳಿಗೆ ಒಂಟಿಗಣ್ಣೂ ಇರುತ್ತದೆ.

ಜೀವನಕ್ರಮ

ಹೆಣ್ಣು ಎಲೆಯ ಅಂಗಾಂಶದೊಳಗೆ, ಬಹುತೇಕ ಕೆಳಮೈಯಲ್ಲಿ, ಮೊಟ್ಟೆಗಳನ್ನು ಹುದುಗಿಸುತ್ತದೆ. ಮೊಟ್ಟೆಯ ಮುಚ್ಚಳ ಮಾತ್ರ ಹೊರಗೆ ಉಳಿದಿರುತ್ತದೆ. ಮರಿಗಳು ಐದು ಹಂತ ದಾಟಿ ಪ್ರೌಢವಾಗುತ್ತವೆ, ಕೋಶಾವಸ್ಥೆ ಇಲ್ಲ. ಮರಿಗಳಿಗೆ ಬಲೆಯ ಹೆಣಿಗೆ ಇರುವುದಿಲ್ಲ, ಬದಲಿಗೆ ಮೈತುಂಬ ಮುಳ್ಳು ಅಥವಾ ಗಂಟುಗಳಿರುತ್ತವೆ. ಹೀಗಾಗಿ ಮರಿಯನ್ನು ಮೊದಲ ಸಲ ನೋಡಿದವರು ಅದನ್ನು ಹಿಟ್ಟುತಿಗಣೆಯೆಂದೋ ಬೇರೆ ಯಾವುದೋ ಹುಳವೆಂದೋ ಭಾವಿಸುವುದು ಸಾಮಾನ್ಯ. ಮರಿಗಳು ಗುಂಪಾಗಿ ಮೇಯುತ್ತವೆ. ಪ್ರೌಢ ಕೀಟಗಳು ಹಾರಬಲ್ಲವಾದರೂ ಎಲೆ ಬಿಟ್ಟು ಏಳುವುದು ಕಡಿಮೆ.

ಹಾನಿಯ ಲಕ್ಷಣ

ಸೊಂಡಿಲು ಎಲೆಯ ಕೆಳಮೈಯಿಂದ ಒಳಹೊಕ್ಕು ಹಸಿರುಕೋಶಗಳನ್ನು ಬರಿದು ಮಾಡುತ್ತದೆ. ಬರಿದಾದ ಜಾಗ ಮೇಲ್ಮೈಯಲ್ಲಿ ಬಿಳಿಚಿದ ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆಗಳು ಕೂಡಿಕೊಂಡು ಎಲೆ ಹಳದಿಗೆ, ಆಮೇಲೆ ಕಂದಿಗೆ ತಿರುಗಿ ಒಣಗುತ್ತದೆ. ಎಲೆಯನ್ನು ಮಗುಚಿದರೆ ಕಪ್ಪಗೆ ಹೊಳೆಯುವ ಹಿಕ್ಕೆಯ ಹನಿಗಳು, ಕಳಚಿಬಿದ್ದ ಪೊರೆಗಳು, ಬೇರೆ ಬೇರೆ ಹಂತದ ಮರಿಗಳು ಒಟ್ಟಿಗೆ ಸಿಗುತ್ತವೆ.

ಇದೇ ಬಗೆಯ ಬಿಳಿಚುಕ್ಕೆಯನ್ನು ಕೆಂಪು ಜೇಡನುಸಿಯೂ ಉಂಟುಮಾಡುತ್ತದೆ, ಆದರೆ ಅಲ್ಲಿ ನವಿರಾದ ಎಳೆಬಲೆ ಇರುತ್ತದೆ, ಕಪ್ಪು ಹನಿ ಇರುವುದಿಲ್ಲ. ಹಸಿರು ಜಿಗಿಹುಳುವಿನ ಹಾನಿ ಎಲೆಯ ಅಂಚಿನಿಂದ ಹಳದಿಯಾಗುತ್ತ ಒಳಸರಿಯುತ್ತದೆ. ಹಾನಿಯ ಲಕ್ಷಣ ಕುಟುಂಬದವರೆಗೆ ಮಾತ್ರ ದಾರಿ ತೋರಿಸುತ್ತದೆ. ಕುಲವನ್ನು ಅದು ಹೇಳುವುದಿಲ್ಲ: ತುಳಸಿ, ಬದನೆ, ಲಂಟಾನ ಮೂರರ ಎಲೆಗಳೂ ಒಂದೇ ರೀತಿ ಬಿಳಿಚುತ್ತವೆ.

ಪ್ರದೇಶ ಮತ್ತು ಆಶ್ರಯಸಸ್ಯಗಳು

ಮೂರೂ ತಾಲ್ಲೂಕುಗಳು ಕರ್ನಾಟಕದ ಉತ್ತರ ಒಣವಲಯದಲ್ಲಿವೆ. ಗಜೇಂದ್ರಗಡ ಹಿಂದೆ ರೋಣ ತಾಲ್ಲೂಕಿನ ಭಾಗವಾಗಿತ್ತು. ಇಡೀ ಸೀಮೆ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದುದರಿಂದ ಹಳೆಯ ಕೀಟಸಂಗ್ರಹಗಳ ಚೀಟಿಗಳಲ್ಲಿ ಇಲ್ಲಿನ ಮಾದರಿಗಳನ್ನು ಆ ಜಿಲ್ಲೆಯ ಹೆಸರಿನಡಿ ಹುಡುಕಬೇಕಾಗುತ್ತದೆ. ನರಗುಂದ ಮತ್ತು ರೋಣದ ಬಹುಭಾಗ ಎರಿ ಭೂಮಿ. ಮಲಪ್ರಭೆಯ ದಂಡೆಯ ಕೊಣ್ಣೂರು, ಹೊಳೆ ಆಲೂರು ಕಡೆಗೂ ನವಿಲುತೀರ್ಥ ಅಣೆಕಟ್ಟಿನ ಬಲದಂಡೆ ಕಾಲುವೆಯ ನೀರು ಹರಿಯುವಲ್ಲಿಯೂ ತರಕಾರಿ, ತೋಟದ ಬೆಳೆಗಳಿಗೆ ಅವಕಾಶವಿದೆ. ಗಜೇಂದ್ರಗಡದ ಸುತ್ತ ಕಲ್ಲುಗುಡ್ಡ, ಮಸಾರಿ ನೆಲ, ಕುರುಚಲು.

ಇಲ್ಲಿನ ಮುಖ್ಯ ಬೆಳೆಗಳಾದ ಹೆಸರು, ಉಳ್ಳಾಗಡ್ಡಿ, ಗೋವಿನಜೋಳ, ಕಡಲೆ, ಹಿಂಗಾರಿ ಜೋಳಗಳಿಗೆ ಬಲೆರೆಕ್ಕೆ ತಿಗಣೆ ಹೆಸರಿಸುವಂಥ ಪೀಡೆಯಲ್ಲ. ಉಳ್ಳಾಗಡ್ಡಿಗೆ ಥ್ರಿಪ್ಸ್ ನುಸಿ, ಕಡಲೆಗೆ ಕಾಯಿಕೊರಕ ಮುಖ್ಯ ಶತ್ರುಗಳು. ಹೊಲದ ನಡುವೆ ಹುಡುಕಿದವರಿಗೆ ಈ ತಿಗಣೆ ಸಿಗದಿರಲು ಇದೇ ಕಾರಣ. ಹುಡುಕಬೇಕಾದದ್ದು ಹಿತ್ತಲಿನ ಬದನಿ ಗಿಡದಲ್ಲಿ, ಅಂಗಳದ ತುಳಸಿಕಟ್ಟೆಯಲ್ಲಿ, ಬದುವಿನ ಬಾರಿ ಗಿಡ ಮತ್ತು ಶ್ರೀಮುದ್ರೆಯಲ್ಲಿ, ಗುಡ್ಡದ ಲಂಟಾನ ಪೊದೆಯಲ್ಲಿ.

ಮುಂದೆ ವಿವರಿಸಿದ ಕುಲಗಳು ಈ ಗಿಡಗಳ ಮೇಲೆ ದಕ್ಷಿಣ ಭಾರತದಲ್ಲಿ ದಾಖಲಾದವು. ಬಹಳಷ್ಟು ಪ್ರಭೇದಗಳು ಒಂದೇ ಸಸ್ಯಕುಟುಂಬಕ್ಕೆ ಅಂಟಿಕೊಂಡಿರುವುದರಿಂದ ಆಶ್ರಯಸಸ್ಯದ ಹೆಸರು ಗೊತ್ತಿದ್ದರೆ ಹುಡುಕಾಟ ಎರಡು ಮೂರು ಕುಲಗಳಿಗೆ ಇಳಿಯುತ್ತದೆ. ಹಾರಿಬಂದು ಕುಳಿತ ಒಂಟಿ ಪ್ರೌಢ ಕೀಟವನ್ನು ಮಾತ್ರ ಆಶ್ರಯಸಸ್ಯದ ಸಾಕ್ಷಿಯೆಂದು ಎಣಿಸಲಾಗದು. ಮರಿಗಳೂ ಅದೇ ಎಲೆಯಲ್ಲಿ ಸಿಗಬೇಕು.

ಯುರೆಂಟಿಯಸ್

ಬದನೆಯ ಬಲೆರೆಕ್ಕೆ ತಿಗಣೆ ಎಂದು ಭಾರತದಲ್ಲಿ ಕರೆಯುವ ಯುರೆಂಟಿಯಸ್ ಹಿಸ್ಟ್ರಿಸೆಲಸ್ ಈ ಕುಲದ ಅತ್ಯಂತ ಪರಿಚಿತ ಪ್ರಭೇದ. ಕುಲದ ಹರಹು ಆಫ್ರಿಕಾ, ಮೆಡಿಟರೇನಿಯನ್ ತೀರ, ಪಶ್ಚಿಮ ಏಷ್ಯಾ ಮತ್ತು ದಕ್ಷಿಣ ಏಷ್ಯಾದ ಒಣ ಹಾಗೂ ಬೆಚ್ಚನೆಯ ಸೀಮೆಗಳು.

ಕುಲದ ಎದ್ದುಕಾಣುವ ಗುರುತು ಮುಳ್ಳು. ತಲೆ, ಪಾರ್ಶ್ವಫಲಕದ ಅಂಚು, ಏಣುಗಳು, ಮುಂದಿನ ರೆಕ್ಕೆಯ ಅಂಚು ಮತ್ತು ಮೇಲ್ಮೈ ಎಲ್ಲೆಲ್ಲೂ ನೆಟ್ಟಗೆ ನಿಂತ ಮುಳ್ಳುಗಳಿರುತ್ತವೆ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ, ಕೀಟವನ್ನು ಬದಿಯಿಂದ ಬೆಳಕಿಗೆ ಹಿಡಿದರೆ ಇವು ಸಾಲಾಗಿ ಕಾಣುತ್ತವೆ. ಮೇಲಿನಿಂದ ನೇರವಾಗಿ ನೋಡಿದರೆ ಮುಳ್ಳುಗಳು ಬಲೆಯ ಗೆರೆಗಳಲ್ಲಿ ಬೆರೆತು ಕಣ್ಣುತಪ್ಪುವುದುಂಟು. ಮೈ ಅಂಡಾಕಾರ. ಕುಲಾವಿ ಉಬ್ಬಿರುತ್ತದೆ. ಹಿಸ್ಟ್ರಿಸೆಲಸ್ ಪ್ರಭೇದದ ಪ್ರೌಢ ಕೀಟ ಸುಮಾರು 3 ಮಿ.ಮೀ. ಉದ್ದವಿದ್ದು ಮೇಲ್ಮೈ ಒಣಹುಲ್ಲಿನ ಬಣ್ಣ, ಕೆಳಮೈ ಕಪ್ಪು. ಬೆಳೆದ ಮರಿ ಸುಮಾರು 2 ಮಿ.ಮೀ. ಉದ್ದದ ದಪ್ಪ ಮೈಯ ಕೀಟ. ಮಾಸಲು ಹಳದಿ ಬಣ್ಣದ ಬೆನ್ನ ಮೇಲೆ ಬರಿಗಣ್ಣಿಗೂ ಗೊತ್ತಾಗುವಷ್ಟು ಉದ್ದದ ಮುಳ್ಳುಗಳಿರುತ್ತವೆ.

ಹೆಣ್ಣು ಎಲೆಯ ಕೆಳಮೈಯಲ್ಲಿ ಬಿಳಿಯ ಮೊಟ್ಟೆಗಳನ್ನು ಒಂದೊಂದಾಗಿ ಹುದುಗಿಸುತ್ತದೆ. ಭಾರತೀಯ ಪಠ್ಯಗಳು ಒಂದು ಹೆಣ್ಣಿಗೆ 35ರಿಂದ 44 ಮೊಟ್ಟೆಗಳನ್ನು ಹೇಳುತ್ತವೆ. ಹವೆಯನ್ನು ಅವಲಂಬಿಸಿ 3ರಿಂದ 12 ದಿನಗಳಲ್ಲಿ ಮರಿ ಹೊರಬರುತ್ತದೆ. ಮರಿಯ ಅವಧಿ 10ರಿಂದ 23 ದಿನ. ವರ್ಷಕ್ಕೆ ಎಂಟೊಂಬತ್ತು ತಲೆಮಾರುಗಳು ಒಂದರ ಮೇಲೊಂದು ಬರುವುದರಿಂದ ಒಂದೇ ಎಲೆಯಲ್ಲಿ ಎಲ್ಲ ಹಂತಗಳೂ ಕಾಣುತ್ತವೆ. ಮರಿಗಳು ಕೆಳಮೈಯಲ್ಲೇ ಗುಂಪುಗೂಡಿ ಮೇಯುತ್ತವೆ. ಪ್ರೌಢ ಕೀಟಗಳು ಎಲೆಯ ಮೇಲ್ಮೈಯಲ್ಲೂ ಸಿಗುತ್ತವೆ. ಒಣಹವೆಯಲ್ಲಿ ಹಾವಳಿ ಹೆಚ್ಚು, ಬಿರುಸು ಮಳೆ ಬಿದ್ದರೆ ಇಳಿಯುತ್ತದೆ. ಎಳೆಯ ಗಿಡ ಹೆಚ್ಚು ನರಳುತ್ತದೆ.

ಬದನೆಯಲ್ಲದೆ ಸೊಲಾನಮ್ ಕುಲದ ಕಾಡುಗಿಡಗಳೂ ಇದಕ್ಕೆ ಆಶ್ರಯ. ಎರಿ ಹೊಲದ ಬದುವಿನಲ್ಲಿ ಮುಳ್ಳೆದ್ದು ಹರಡುವ ನೆಲಗುಳ್ಳವೂ ಅದೇ ಕುಲದ್ದಾದ ಕಾರಣ ಬದನೆಯ ಮಡಿಯ ಪಕ್ಕದಲ್ಲಿ ಅದನ್ನೂ ಪರೀಕ್ಷಿಸುವುದು ಒಳ್ಳೆಯದು.

ಇದೇ ಕುಲದ ಯುರೆಂಟಿಯಸ್ ಯುವೊನಿಮಸ್ ಅನ್ನು ಡಿಸ್ಟೆಂಟ್ 1909ರಲ್ಲಿ ವಿವರಿಸಿದರು. ಅದರ ಆಶ್ರಯ ದಾಸವಾಳದ ಕುಟುಂಬದ ಗಿಡಗಳು, ಮುಖ್ಯವಾಗಿ ಶ್ರೀಮುದ್ರೆ. ಹತ್ತಿಯೂ ಅದೇ ಸಸ್ಯಕುಟುಂಬದ್ದಾದರೂ ಈ ಪ್ರಭೇದ ಹತ್ತಿಯ ಪೀಡೆಗಳ ಸಾಲಿನಲ್ಲಿ ಬರುವುದಿಲ್ಲ. ಬದನೆಯ ಪಕ್ಕದ ಬದುವಿನಲ್ಲಿ ಶ್ರೀಮುದ್ರೆ ಇದ್ದರೆ ಎರಡು ಪ್ರಭೇದಗಳೂ ಕೆಲವೇ ಮಾರು ಅಂತರದಲ್ಲಿ ಸಿಗಬಹುದು. ಹಾಗಾಗಿ ಮುಳ್ಳಿನ ಮೈ ಕಂಡೊಡನೆ ಕುಲವನ್ನು ಬರೆಯಬಹುದೇ ಹೊರತು ಪ್ರಭೇದವನ್ನಲ್ಲ.

ಹೆಸರಿನ ವಿಚಾರದಲ್ಲಿ ಎರಡು ಎಚ್ಚರಿಕೆಗಳಿವೆ. ಒಂದು, ಬದನೆಯ ಪ್ರಭೇದವನ್ನು ರಿಕ್ಟರ್ ಎಂಬಾತ ಡಿಸ್ಟೆಂಟ್‌ಗಿಂತ ದಶಕಗಳ ಮೊದಲೇ ಟಿಂಗಿಸ್ ಕುಲದಡಿ ವಿವರಿಸಿದ್ದ. ಡಿಸ್ಟೆಂಟ್ ಕೊಟ್ಟ ಯುರೆಂಟಿಯಸ್ ಎಕೈನಸ್ ಎಂಬ ಹೆಸರು ಅದರ ಪರ್ಯಾಯವೆಂದು ಆಮೇಲೆ ತೀರ್ಮಾನವಾಯಿತು. ಹಳೆಯ ಭಾರತೀಯ ಪುಸ್ತಕಗಳಲ್ಲಿ ಬದನೆಯ ಪೀಡೆ ಎಕೈನಸ್ ಎಂದೋ ಸೆಂಟಿಸ್ ಎಂದೋ ಕಾಣಿಸುತ್ತದೆ. ಇನ್ನೊಂದು, ಅಮೆರಿಕದ ಪುಸ್ತಕಗಳು ಬದನೆಯ ಬಲೆರೆಕ್ಕೆ ತಿಗಣೆ ಎನ್ನುವುದು ಗಾರ್ಗಾಫಿಯ ಸೊಲಾನಿ ಎಂಬ ಬೇರೆಯೇ ಕುಲದ ಕೀಟಕ್ಕೆ. ಅದು ಅಮೆರಿಕ ಖಂಡದ್ದು. ತಾಯಿ ಕೀಟ ಮೊಟ್ಟೆ ಮತ್ತು ಮರಿಗಳನ್ನು ಕಾಯುತ್ತದೆ ಎಂಬುದಕ್ಕೆ ಪ್ರಸಿದ್ಧ. ಅಂತರ್ಜಾಲದ ಚಿತ್ರಗಳನ್ನು ನೋಡಿ ಇಲ್ಲಿನ ಕೀಟಕ್ಕೆ ಗಾರ್ಗಾಫಿಯ ಎಂದು ಹೆಸರಿಡುವ ತಪ್ಪು ಸುಲಭವಾಗಿ ಆಗುತ್ತದೆ. ಮೈಮೇಲಿನ ಮುಳ್ಳುಗಳನ್ನು ನೋಡಿದರೆ ಎರಡೂ ಬೇರೆಯಾಗುತ್ತವೆ.

ಕಾಕ್ಲೋಕೈಲ

ತುಳಸಿಯ ಬಲೆರೆಕ್ಕೆ ತಿಗಣೆಯಾದ ಕಾಕ್ಲೋಕೈಲ ಬುಲೀಟ ಸುಮಾರು 2.5 ಮಿ.ಮೀ. ಉದ್ದದ ಕಂದು ಕೀಟ. ಸ್ವೀಡನ್ನಿನ ಸ್ಟೋಲ್ 1873ರಲ್ಲಿ ಕುಲವನ್ನೂ ಪ್ರಭೇದವನ್ನೂ ವಿವರಿಸಿದ. ಅದೇ ವರ್ಷ ವಾಕರ್ ಕೊಟ್ಟ ಮೊನಾಂಥಿಯ ಗ್ಲಾಬುಲಿಫೆರ ಎಂಬ ಹೆಸರು ಭಾರತದ ಹಳೆಯ ವರದಿಗಳಲ್ಲಿ ಬಹುಕಾಲ ಉಳಿಯಿತು.

ಪಾರ್ಶ್ವಫಲಕಗಳು ಊದಿಕೊಂಡು ಮೇಲಕ್ಕೂ ಒಳಕ್ಕೂ ಮಡಚಿ ಎದೆಫಲಕದ ಮೇಲೆ ಎರಡು ಗುಳ್ಳೆಗಳಂತೆ ಕೂರುವುದು ಕುಲದ ಗುರುತು. ಮೈ ಮೇಲೆ ಯುರೆಂಟಿಯಸ್‌ನಂಥ ಮುಳ್ಳಿಲ್ಲ. ತುಳಸಿ, ಕಾಮಕಸ್ತೂರಿ, ಮಕಂಡಿಬೇರು ಮುಂತಾಗಿ ತುಳಸಿ ಕುಟುಂಬದ ಗಿಡಗಳು ಇದರ ಆಶ್ರಯ. ಹಾವಳಿ ಬಲವಾದಾಗ ಎಲೆಗಳು ಮುದುಡಿ ಕುಡಿಯೇ ಒಣಗುತ್ತದೆ. ಮನೆಯಂಗಳದ ತುಳಸಿ ‘ಬೂದಿ ಹಿಡಿದಂತೆ’ ಬಿಳಿಚಿ ಸೊರಗಿದರೆ ಮೊದಲು ಎಲೆಯ ಕೆಳಮೈ ನೋಡಬೇಕು. ಪೂಜೆಗೆ, ಕಷಾಯಕ್ಕೆ ಎಲೆ ಕೀಳುವ ಗಿಡವಾದ್ದರಿಂದ ಇದಕ್ಕೆ ವಿಷದ ಔಷಧಿ ಸಿಂಪಡಿಸುವುದು ಸಲ್ಲದು.

ಟೆಲಿಯೋನೀಮಿಯ

ಲಂಟಾನದ ಮೇಲಿನ ಟೆಲಿಯೋನೀಮಿಯ ಸ್ಕ್ರುಪುಲೋಸ ಈ ಸೀಮೆಯ ಮೂಲನಿವಾಸಿಯಲ್ಲ. ಮೈ ಕಿರಿದಾಗಿ ಉದ್ದಕ್ಕಿದೆ, ಸುಮಾರು 3.5ರಿಂದ 4 ಮಿ.ಮೀ. ಪಾರ್ಶ್ವಫಲಕ ಗೆರೆಯಷ್ಟು ಕಿರಿದು, ಕುಲಾವಿ ಉಬ್ಬಿಲ್ಲ, ಮುಳ್ಳಿನ ಸಾಲಿಲ್ಲ. ಕಂದುಬೂದು ಬಣ್ಣದಲ್ಲಿ ಕಪ್ಪು ಮಚ್ಚೆಗಳು. ಲಂಟಾನದ ಎಲೆಯಷ್ಟೇ ಅಲ್ಲ, ಹೂಮೊಗ್ಗುಗಳನ್ನೂ ಹೀರುತ್ತದೆ.

ಮೆಕ್ಸಿಕೋದಿಂದ 1902ರಲ್ಲಿ ಹವಾಯಿಗೆ ಲಂಟಾನ ಹತೋಟಿಗೆಂದು ಕಳುಹಿಸಿದ ಕೀಟಗಳಲ್ಲಿ ಇದೂ ಒಂದು. ಅಲ್ಲಿಂದ ಫಿಜಿ, ಆಸ್ಟ್ರೇಲಿಯ ದಾಟಿ 1941ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಗೆ ಬಂತು. ಪ್ರತಿಬಂಧದಲ್ಲಿಟ್ಟು ಪರೀಕ್ಷಿಸಿದಾಗ ಸಾಗುವಾನಿಯನ್ನೂ ಹೀರುವುದು ಕಂಡು ಸಾಕಿದ ಕೀಟಗಳನ್ನೆಲ್ಲ ನಾಶಮಾಡಲಾಯಿತು. ಅಷ್ಟರೊಳಗೆ ಕೆಲವು ತಪ್ಪಿಸಿಕೊಂಡಿದ್ದವು. 1951ರ ಹೊತ್ತಿಗೆ ಡೆಹ್ರಾಡೂನಿನ ಸುತ್ತ ಹೊರಗೆ ಕಾಣಿಸಿಕೊಂಡು ಕ್ರಮೇಣ ದೇಶದ ಲಂಟಾನ ಬೆಳೆಯುವ ಕಡೆಯೆಲ್ಲ ಹರಡಿದವು. ಲಂಟಾನ ಎಲೆಯುದುರಿ ಸೊರಗುತ್ತದೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಕಳೆಯನ್ನು ಹತ್ತಿಕ್ಕುವಷ್ಟು ಫಲ ಭಾರತದಲ್ಲಿ ದೊರಕಿಲ್ಲ. ಉಗಾಂಡಾದಲ್ಲಿ 1960ರ ದಶಕದಲ್ಲಿ ಲಂಟಾನದ ಪಕ್ಕದ ಎಳ್ಳಿನ ಹೊಲಗಳಿಗೂ ಈ ಕೀಟ ಇಳಿದದ್ದು ವರದಿಯಾಗಿದೆ. ಎಳ್ಳು ಬಿತ್ತುವ ಗದಗ ಜಿಲ್ಲೆಯವರು ತಿಳಿದಿರಬೇಕಾದ ಸಂಗತಿ ಇದು.

ಸ್ಟೆಫನೈಟಿಸ್ ಮತ್ತು ಕೊರಿಥೌಮ

ಬಲೆರೆಕ್ಕೆ ಎಂಬ ಹೆಸರು ಪೂರ್ತಿ ಒಪ್ಪುವುದು ಈ ಎರಡು ಕುಲಗಳಿಗೆ. ರೆಕ್ಕೆಯ ಅಂಚುವಲಯ ಅಗಲ, ಗಾಜಿನಂತೆ ಪಾರದರ್ಶಕ. ಪಾರ್ಶ್ವಫಲಕಗಳು ಅಗಲವಾಗಿ ಹರಡಿವೆ. ಕುಲಾವಿ ದೊಡ್ಡದಾಗಿ ತಲೆಯ ಮೇಲೆ ಬಾಗಿದೆ. ಕಾಲು, ಕುಡಿಮೀಸೆಗಳು ತೆಳ್ಳಗೆ ಉದ್ದ.

ಸ್ಟೆಫನೈಟಿಸ್ ಟಿಪಿಕ ಬಾಳೆ, ತೆಂಗು, ಏಲಕ್ಕಿ, ಅರಿಸಿನಗಳ ಮೇಲೆ ಬರುತ್ತದೆ. ಎಲೆ ಬಿಳಿಚುವುದು ಇದರ ಸಣ್ಣ ಹಾನಿ. ಕೇರಳದ ತೆಂಗಿನ ಬೇರುಸೊರಗು ರೋಗಕ್ಕೆ ಕಾರಣವಾದ ಫೈಟೋಪ್ಲಾಸ್ಮವನ್ನು ಒಂದು ಮರದಿಂದ ಇನ್ನೊಂದಕ್ಕೆ ಒಯ್ಯುವ ವಾಹಕ ಇದು ಎಂಬುದೇ ದೊಡ್ಡ ಸಂಗತಿ. ಕಾಸರಗೋಡಿನಲ್ಲಿ ಕೇಂದ್ರಸ್ಥಾನ ಹೊಂದಿದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕಾಯಂಕುಳಂ ಕೇಂದ್ರದಲ್ಲಿ ಈ ಕುರಿತು ದೀರ್ಘಕಾಲ ಕೆಲಸ ನಡೆಯಿತು. ಗದಗ ಸೀಮೆಯಲ್ಲಿ ಈ ಕೀಟವನ್ನು ನೋಡುವುದಾದರೆ ಕಾಲುವೆ ನೀರಿನ ಬಾಳೆ, ಅರಿಸಿನ ಮಡಿಗಳಲ್ಲಿ ನೋಡಬೇಕು.

ಕೊರಿಥೌಮ ಅಯ್ಯರಿ ಮಲ್ಲಿಗೆಯದು. ಸ್ಟೆಫನೈಟಿಸ್ ಅನ್ನು ತೀರ ಹೋಲುವುದರಿಂದ ಇವೆರಡನ್ನು ಸೂಕ್ಷ್ಮದರ್ಶಕದಡಿ ಕುಲಸೂಚಿ ಹಿಡಿದೇ ಬೇರ್ಪಡಿಸಬೇಕು. ಹೊಲದಲ್ಲಿ ಮಾತ್ರ ಆಶ್ರಯಸಸ್ಯವೇ ಸಾಕಷ್ಟು ಸುಳಿವು. ಭೌಗೋಳಿಕ ಸೂಚಿ ಪಡೆದ ಹಡಗಲಿ ಮಲ್ಲಿಗೆಯ ಸೀಮೆ ಗದಗ ಜಿಲ್ಲೆಯ ಗಡಿಗೇ ಹೊಂದಿಕೊಂಡಿದೆ. ಭಾರತ ಮೂಲದ ಈ ಪ್ರಭೇದ ಅಲಂಕಾರದ ಗಿಡಗಳ ಜೊತೆ ಸಾಗಿ ಇತ್ತೀಚಿನ ದಶಕಗಳಲ್ಲಿ ಇಸ್ರೇಲ್, ಫ್ರಾನ್ಸ್, ಇಟಲಿ ಮುಂತಾದ ಮೆಡಿಟರೇನಿಯನ್ ದೇಶಗಳಲ್ಲಿ ನೆಲೆಯೂರಿದೆ.

ಇತರ ಕುಲಗಳು

ಮಾನೊಸ್ಟೈರ ಕುಲದ ಕೀಟಗಳು ಸುಮಾರು 2 ಮಿ.ಮೀ. ಉದ್ದದ ಸಣ್ಣ, ಸಪಾಟು ತಿಗಣೆಗಳು. ಎದೆಫಲಕದ ಮೇಲೆ ನಡುಏಣು ಒಂದೇ ಇರುವುದು ಮತ್ತು ಪಾರ್ಶ್ವಫಲಕ ಕುಗ್ಗಿಹೋಗಿರುವುದು ಗುರುತು. ಭಾರತದಲ್ಲಿ ಮಾನೊಸ್ಟೈರ ಮಿನುಟುಲ ಬಾರಿ ಗಿಡದ ಮೇಲೆ ಸಿಗುತ್ತದೆ. ಇದೇ ಕುಲದ ಇನ್ನೊಂದು ಪ್ರಭೇದ ಮೆಡಿಟರೇನಿಯನ್ ತೀರದಲ್ಲಿ ಬಾದಾಮಿಯ ಪೀಡೆ.

ಗೆಲಿಯೇಟಸ್ ಮತ್ತು ಕ್ಯಾಡ್ಮಿಲೋಸ್ ಕುಲಗಳು ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬದ ಗಿಡಗಳಿಗೆ ಸೇರಿದವು. ಗೆಲಿಯೇಟಸ್‌ನಲ್ಲಿ ರೆಕ್ಕೆಯ ಕೋಶಗಳು ಅಸಾಮಾನ್ಯವಾಗಿ ದೊಡ್ಡವು, ಸಂಖ್ಯೆಯಲ್ಲಿ ಕಡಿಮೆ. ಎದೆಯ ಮೇಲಿನ ಏಣುಗಳು ಚಿಪ್ಪಿನಂತೆ ಎದ್ದು ನಿಂತಿರುತ್ತವೆ.

ಪ್ಯಾರಾಕೋಪಿಯಮ್ ಕುಲ ಎಲೆಯ ಮೇಲೆ ಮೇಯುವುದಲ್ಲ. ತಗ್ಗಿ ಮುಂತಾದ ಕ್ಲೆರೊಡೆಂಡ್ರಮ್ ಗಿಡಗಳ ಹೂಮೊಗ್ಗಿನಲ್ಲಿ ಮರಿ ಬೆಳೆಯುತ್ತದೆ, ಮೊಗ್ಗು ಅರಳದೆ ಗಂಟಾಗಿ ಊದಿಕೊಳ್ಳುತ್ತದೆ. ಕುಡಿಮೀಸೆಯ ಮೂರನೆಯ ಗೆಣ್ಣು ತೀರ ದಪ್ಪ; ಇದೊಂದೇ ಲಕ್ಷಣದಿಂದ ಕುಲವನ್ನು ಹೇಳಬಹುದು. ನೋನಿ ಗಿಡದ ಮೇಲಿನ ಡುಲಿನಿಯಸ್ ಕಾಂಕೇಟಸ್, ಶಿವನೆ ಮರದ ಟಿಂಗಿಸ್ ಬೀಸೊನಿ ತೋಟಗಾರಿಕೆ ಮತ್ತು ಅರಣ್ಯ ನೆಡುತೋಪುಗಳಲ್ಲಿ ಲೆಕ್ಕಕ್ಕೆ ಬರುವ ಇನ್ನೆರಡು. ಕ್ಯಾಂಟಾಕೆಡರ್, ಫ್ಯಾಟ್ನೋಮ ಕುಲಗಳು ಕ್ಯಾಂಟಾಕೆಡರಿನೆ ಗುಂಪಿನವು. ಮುಂದಕ್ಕೆ ಚಾಚಿದ ತಲೆ ಇವುಗಳ ಸುಳಿವು.

ಮಾದರಿ ಸಂಗ್ರಹ ಮತ್ತು ಪರೀಕ್ಷೆ

ಕೀಟ ಮುತ್ತಿದ ರೆಂಬೆಯ ಕೆಳಗೆ ಬಿಳಿ ಬಟ್ಟೆ ಅಥವಾ ಕಾಗದ ಹಿಡಿದು ಬಡಿದರೆ ಪ್ರೌಢ ಕೀಟಗಳು ಉದುರುತ್ತವೆ. ಮರಿಗಳು ಎಲೆಗೆ ಕಚ್ಚಿಕೊಂಡಿರುವುದರಿಂದ ಎಲೆಯ ಸಮೇತ ತೆಗೆದುಕೊಳ್ಳಬೇಕು. ಒದ್ದೆ ಕುಂಚದ ತುದಿಯಿಂದ ಎತ್ತುವುದು ಕ್ಷೇಮ. ಬೆರಳಲ್ಲಿ ಹಿಡಿದರೆ ಕುಲಾವಿ ಮತ್ತು ಪಾರ್ಶ್ವಫಲಕ, ಅಂದರೆ ಗುರುತಿಗೆ ಬೇಕಾದ ಭಾಗಗಳೇ, ಮೊದಲು ಮುರಿಯುತ್ತವೆ. ಶೇ. 70ರ ಆಲ್ಕೊಹಾಲ್‌ನಲ್ಲಿ ಇಡಬಹುದು. ಒಣ ಮಾದರಿಯನ್ನು ತ್ರಿಕೋನ ಕಾಗದದ ತುದಿಗೆ ಅಂಟಿಸುವಾಗ ಕೆಳಮೈಯ ಸೊಂಡಿಲು ಕಾಲುವೆ ಕಾಣುವಂತೆ ಬಿಡಬೇಕು. ಚೀಟಿಯಲ್ಲಿ ಊರು, ತಾಲ್ಲೂಕು, ದಿನಾಂಕ, ಸಂಗ್ರಹಿಸಿದವರ ಹೆಸರಿನ ಜೊತೆಗೆ ಗಿಡದ ಹೆಸರು ಇರಲೇಬೇಕು. ಗಿಡದ ಹೆಸರಿಲ್ಲದ ಬಲೆರೆಕ್ಕೆ ತಿಗಣೆಯ ಮಾದರಿಗೆ ಅರ್ಧ ಬೆಲೆಯೂ ಇಲ್ಲ.

ಆಗತಾನೆ ಪೊರೆ ಕಳಚಿದ ಪ್ರೌಢ ಕೀಟ ಮಾಸಲು ಬಿಳಿಯಾಗಿರುವುದರಿಂದ ಬಣ್ಣ ನೋಡಿ ಹೆಸರಿಡಬಾರದು. ಕೆಲವು ಪ್ರಭೇದಗಳಲ್ಲಿ ಉದ್ದ ರೆಕ್ಕೆಯ ಮತ್ತು ಗಿಡ್ಡ ರೆಕ್ಕೆಯ ರೂಪಗಳಿವೆ. ಅಂಥಲ್ಲಿ ರೆಕ್ಕೆಯ ವಲಯಗಳ ಅಳತೆ ಬದಲಾಗುತ್ತದೆ, ಎದೆಫಲಕದ ಏಣುಗಳ ಸಂಖ್ಯೆ ಬದಲಾಗುವುದಿಲ್ಲ. ಮರಿಗಳು ಮಾತ್ರ ಸಿಕ್ಕಿದ್ದರೆ ಅದೇ ಗಿಡದ ರೆಂಬೆಯನ್ನು ನೀರಿನ ಸೀಸೆಯಲ್ಲಿಟ್ಟು ಪ್ರೌಢವಾಗುವವರೆಗೆ ಸಾಕಬೇಕು.

ನೈಸರ್ಗಿಕ ಶತ್ರುಗಳು ಮತ್ತು ಹತೋಟಿ

ಮಿರಿಡೆ ಕುಟುಂಬದ ಸ್ಟೆಥೊಕೋನಸ್ ಕುಲದ ತಿಗಣೆಗಳು ಬಲೆರೆಕ್ಕೆ ತಿಗಣೆಗಳನ್ನೇ ಬೇಟೆಯಾಡಿ ಬದುಕುತ್ತವೆ. ಸ್ಟೆಥೊಕೋನಸ್ ಪ್ರೀಫೆಕ್ಟಸ್ ಸ್ಟೆಫನೈಟಿಸ್ ಟಿಪಿಕದ ಶತ್ರುವೆಂದು ಭಾರತದಲ್ಲಿ ದಾಖಲಾಗಿದೆ. ಮೈಮರಿಡೆ ಕುಟುಂಬದ ಅತಿಸಣ್ಣ ಕಣಜಗಳು ಮೊಟ್ಟೆಯೊಳಗೆ ಬೆಳೆಯುತ್ತವೆ. ಜೇಡಗಳು, ಗುಲಗಂಜಿ ಹುಳುಗಳು ಮರಿಗಳನ್ನು ತಿನ್ನುತ್ತವೆ.

ಹಿತ್ತಲಿನ ಮಟ್ಟದಲ್ಲಿ ಮರಿಗಳ ಗುಂಪಿರುವ ಎಲೆಗಳನ್ನು ಕಿತ್ತು ನಾಶಪಡಿಸುವುದು, ಎಲೆಯ ಕೆಳಮೈಗೆ ನೀರಿನ ರಭಸದ ಸಿಂಪಡಣೆ, ಶೇ. 5ರ ಬೇವಿನ ಬೀಜದ ಕಷಾಯ ಇವು ಸಾಕು. ಯಾವ ಸಿಂಪಡಣೆಯಾದರೂ ಕೆಳಮೈಗೆ ತಾಗದಿದ್ದರೆ ವ್ಯರ್ಥ. ಬದನೆಯಲ್ಲಿ ಕಾಂಡ ಮತ್ತು ಕಾಯಿಕೊರಕಕ್ಕೆಂದು ಪದೇ ಪದೇ ಹೊಡೆಯುವ ಕೀಟನಾಶಕ ಮೇಲೆ ಹೇಳಿದ ಶತ್ರುಕೀಟಗಳನ್ನೂ ಕೊಲ್ಲುತ್ತದೆ. ಕೊರಕವನ್ನು ಗುರಿಯಾಗಿಸಿ ರೂಪಿಸಿದ ಬಿಟಿ ಬದನೆಗೆ 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾಲಾಪುರ, ಕುಡಚಿ ಮೊದಲಾದ ಉತ್ತರ ಕರ್ನಾಟಕದ ತಳಿಗಳಿಗೂ ಆ ಗುಣ ಸೇರಿಸಲಾಗಿತ್ತು. ಅದರಲ್ಲಿನ ಪ್ರೋಟೀನು ಪತಂಗದ ಹುಳುಗಳ ಮೇಲೆ ಕೆಲಸ ಮಾಡುವಂಥದ್ದು. ರಸ ಹೀರುವ ತಿಗಣೆಗಳಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಸ್ತುತ ಸ್ಥಿತಿ

ಈ ಸೀಮೆಯ ರೈತರಿಗೆ ಹತ್ತಿರದ ನೆರವು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ. ಕೀಟಶಾಸ್ತ್ರ ವಿಭಾಗಗಳಿರುವುದು 1986ರಲ್ಲಿ ಆರಂಭವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು 2008ರಲ್ಲಿ ಆರಂಭವಾದ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ. ಹೋಲಿಸಿ ನೋಡಲು ಬೇಕಾದ ಕೀಟಸಂಗ್ರಹಗಳು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಮತ್ತು ಕೊಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯಲ್ಲಿವೆ.

ಮೈಟೋಕಾಂಡ್ರಿಯದ ಸಿಒ1 ಜೀನಿನ ತುಣುಕನ್ನು ಓದಿ ಹೋಲಿಸುವ ಡಿಎನ್‌ಎ ಬಾರ್‌ಕೋಡ್ ವಿಧಾನ ಈಗ ಬಲೆರೆಕ್ಕೆ ತಿಗಣೆಗಳಿಗೂ ಬಳಕೆಯಾಗುತ್ತಿದೆ. ಮರಿಗಳು, ಮುರಿದ ಮಾದರಿಗಳು, ಎಲೆಯೊಳಗಿನ ಮೊಟ್ಟೆಗಳ ವಿಷಯದಲ್ಲಿ ಇದು ಉಪಯುಕ್ತ. ಆದರೆ ಬಾರ್‌ಕೋಡ್ ಹೋಲಿಸುವುದು ಈಗಾಗಲೇ ಹೆಸರಿಟ್ಟು ಸಂಗ್ರಹದಲ್ಲಿರಿಸಿದ ಮಾದರಿಯೊಂದಿಗೆ. ಆ ಮಾದರಿಯ ಹೆಸರು ನಿರ್ಧಾರವಾಗುವುದು ಈಗಲೂ ಕುಲಾವಿ, ಪಾರ್ಶ್ವಫಲಕ, ಏಣು, ಅಂಚುವಲಯಗಳನ್ನು ಮಸೂರದಡಿ ನೋಡಿಯೇ.